ಕಂಪನಿ ಚೇತರಿಸಿಕೊಳ್ಳಲಿ, ಡಿಎ ಆಮೇಲೆ ನೋಡೋಣ ಅಂದರೆ?

ಓದುಗರ ಪ್ರಶ್ನೆ: ನಮ್ಮದು ರಾಮನಗರದ ಕಡೆ ಒಂದು ಹಳ್ಳಿ. ಅಮ್ಮ 14 ವರ್ಷದಿಂದ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೊರೊನಾ ಟೈಮಲ್ಲಿ ಅವರ ಡಿಎ ತಡೆಹಿಡಿದಿದ್ದರು. ‘ಮೊದಲು ಕಂಪನಿ ಉಳೀಬೇಕು, ಆಮೇಲೆ ನಿಮ್ಮ ಡಿಎ’ ಅಂದಿದ್ದರಂತೆ. ಈಗ ಮತ್ತೆ ಆರ್ಡರ್ ಕಮ್ಮಿ ಅಂತ ಅದೇ ಮಾತು ಶುರುವಾಗಿದೆ. ಯಾವುದೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ‘ಆರ್ಥಿಕತೆ ಚೇತರಿಸಿಕೊಳ್ಳುವಾಗ ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು, ಹಕ್ಕು ಗಿಕ್ಕು ಎಲ್ಲ ಆಮೇಲೆ’ ಅಂದರು. ಬಡವರ ಮಾನವ ಹಕ್ಕು ಅನ್ನೋದು ಇಂಥ ಹೊತ್ತಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತಾ? ಅಮ್ಮ ಏನು ಮಾಡಬೇಕು?

ಉತ್ತರ: ನಿಮ್ಮ ಅಮ್ಮನ ಡಿಎ ಎಷ್ಟು ಹಿಡಿದುಕೊಂಡಿದ್ದರು ಅಂತ ನೀವು ಬರೆದಿಲ್ಲ. ಪರವಾಗಿಲ್ಲ, ನನಗೆ ಗೊತ್ತು. ತಿಂಗಳಿಗೆ 417 ರೂಪಾಯಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ಆ ಎರಡು ವರ್ಷ ನನ್ನ ಮೇಜಿನ ಮೇಲೆ ಬಂದ ಗಾರ್ಮೆಂಟ್ಸ್ ಪೇ ಸ್ಲಿಪ್‌ಗಳಲ್ಲಿ ಕಾಣೆಯಾಗಿದ್ದ ಮೊತ್ತ ಅದೇ. ಈಗಲೂ ಆ ಅಂಕಿ ಬಾಯಿಪಾಠ.

ಮೊದಲು ಈ ಡಿಎ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಇಲ್ಲಿಂದಲೇ ಶುರುವಾಗುತ್ತದೆ. ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಎರಡು ಭಾಗ. ಒಂದು ಮೂಲ ವೇತನ, ಇನ್ನೊಂದು ತುಟ್ಟಿಭತ್ಯೆ. ಈ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹಿಂದಿನ ವರ್ಷ ಅಕ್ಕಿ, ಬೇಳೆ, ಎಣ್ಣೆ, ಬಾಡಿಗೆ ಎಷ್ಟು ಏರಿದೆ ಅಂತ ಬೆಲೆ ಸೂಚ್ಯಂಕ ನೋಡಿ ಅಷ್ಟು ಸೇರಿಸುತ್ತಾರೆ. ಅಂದರೆ ಇದು ಸಂಬಳ ಹೆಚ್ಚಳ ಅಲ್ಲವೇ ಅಲ್ಲ. ಹೋದ ವರ್ಷ ಅಂಗಡಿಯವನಿಗೆ ಆಗಲೇ ಕೊಟ್ಟು ಮುಗಿಸಿದ ದುಡ್ಡು ಈ ವರ್ಷ ವಾಪಸ್ ಬರುವುದು. ‘ಡಿಎ ಜಾಸ್ತಿ ಮಾಡಿದ್ವಿ’ ಅಂತ ಕಂಪನಿಯವರು ಸ್ವೀಟ್ ಹಂಚಿದ ಹಾಗೆ ಹೇಳುತ್ತಾರಲ್ಲ, ಅದಕ್ಕೆ ಏನೂ ಅರ್ಥವಿಲ್ಲ.

2020ರ ಏಪ್ರಿಲ್‌ನಲ್ಲಿ ಬರಬೇಕಾಗಿದ್ದದ್ದು ಈ 417 ರೂಪಾಯಿ. ಆಗ ಲಾಕ್‌ಡೌನ್. ಜುಲೈ 20ಕ್ಕೆ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೋವಿಡ್‌ನಿಂದ ಉದ್ಯಮಗಳಿಗೆ ತೊಂದರೆಯಾಗಿದೆ, ಆದ್ದರಿಂದ ಈ ತುಟ್ಟಿಭತ್ಯೆಯನ್ನು 2021ರ ಮಾರ್ಚ್ 31ರವರೆಗೆ ಮುಂದೂಡಿದೆ ಅಂತ. ‘ಮುಂದೂಡಿದೆ’ ಅನ್ನುವ ಪದ ಎಷ್ಟು ಸಾಧು ನೋಡಿ. ಪರೀಕ್ಷೆ ಮುಂದೂಡಿದ ಹಾಗೆ, ಮದುವೆ ಮುಂದೂಡಿದ ಹಾಗೆ. ಕಡಿತ ಅಂದಿದ್ದರೆ ಜನ ಬೀದಿಗೆ ಬರುತ್ತಿದ್ದರು.

ಸುಮ್ನೆ ಒಂದು ಲೆಕ್ಕ ಹಾಕೋಣ. ರಾಜ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ದುಡಿಯುತ್ತಾರೆ, ಮುಕ್ಕಾಲುವಾಸಿ ಹೆಂಗಸರು. ನಾಲ್ಕು ಲಕ್ಷ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 16 ಕೋಟಿ 68 ಲಕ್ಷ. ವರ್ಷಕ್ಕೆ 200 ಕೋಟಿ ರೂಪಾಯಿ. ಇಷ್ಟು ದುಡ್ಡನ್ನು ಬ್ಯಾಂಕಿನಿಂದ ತರಬೇಕಾಗಿದ್ದರೆ ಕಾರ್ಖಾನೆ ಮಾಲೀಕರು ಅಡಮಾನ ಇಡಬೇಕಿತ್ತು, ಬಡ್ಡಿ ಕಟ್ಟಬೇಕಿತ್ತು, ಮ್ಯಾನೇಜರ್ ಮುಂದೆ ಕೂರಬೇಕಿತ್ತು. ಇಲ್ಲಿ ಅದೇನೂ ಇಲ್ಲ. ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು ಎಣಿಸುತ್ತಿದ್ದ ಟೈಲರ್‌ಗಳು ಕಾರ್ಖಾನೆಗೆ ಸಾಲ ಕೊಟ್ಟರು. ಬಡ್ಡಿ ಇಲ್ಲ, ಪತ್ರ ಇಲ್ಲ, ತಾವು ಸಾಲ ಕೊಡುತ್ತಿದ್ದೇವೆ ಅನ್ನುವ ಅರಿವೂ ಇಲ್ಲ.

ನಿಮ್ಮ ಮೇಷ್ಟ್ರು ಹೇಳಿದ ‘ತ್ಯಾಗ’ ಅಂದರೆ ಇದು. ತ್ಯಾಗ ಅಂದರೆ ತಾವೇ ಬಿಟ್ಟುಕೊಡುವುದು ಅಲ್ವಾ? ಇದನ್ನು ತೆಗೆದುಕೊಂಡದ್ದು.

2021ರಲ್ಲಿ ಒಬ್ಬರು ನನ್ನ ಹತ್ತಿರ ಬಂದಿದ್ದರು. ನಿಮ್ಮ ಅಮ್ಮನ ವಯಸ್ಸಿನವರೇ ಇರಬಹುದು. ಕಂಪನಿ ಹೆಸರು ಬೇಡ. ಸ್ಲಿಪ್‌ಗಳನ್ನು ಸ್ತ್ರೀಶಕ್ತಿ ಸಂಘದ ಪುಸ್ತಕದ ಒಳಗೆ ಮಡಚಿ ಇಟ್ಟುಕೊಂಡಿದ್ದರು. ತಿಂಗಳ ಪ್ರಕಾರ ಜೋಡಿಸಿ, ಪ್ರತಿ ಸ್ಲಿಪ್‌ನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ 417 ಅಂತ ಬರೆದು, ಕೂಡುತ್ತಾ ಬಂದಿದ್ದರು. 834. 1,251. 1,668. ಕೊನೆಯ ಸ್ಲಿಪ್‌ನ ಮೂಲೆಯಲ್ಲಿ ಮೊತ್ತ ಐದು ಸಾವಿರ ದಾಟಿತ್ತು. ಮಗಳ ಆನ್‌ಲೈನ್ ಕ್ಲಾಸಿಗೆ ಫೋನ್ ಕಂತಿನಲ್ಲಿ ತಂದಿದ್ದರಂತೆ, ಅದರ ಕಂತು ಎರಡು ಸಲ ತಪ್ಪಿ ದಂಡ ಬಿದ್ದಿತ್ತು. ಅವರ ಕಂತು ಯಾರೂ ಮುಂದೂಡಿರಲಿಲ್ಲ. ‘ಕೇಳಿ ತಗೊಂಡಿದ್ರೆ ಬೇಜಾರಿರ್ತಿರ್ಲಿಲ್ಲ ಸಾರ್’ ಅಂದರು. ಮಾನವ ಹಕ್ಕಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಆ ಒಂದು ಮಾತು.

ಕಥೆಯ ಮುಂದಿನ ಭಾಗ ನಿಮಗೆ ಉಪಯೋಗಕ್ಕೆ ಬರುತ್ತದೆ. ಕಾರ್ಮಿಕ ಸಂಘಟನೆ ಎಐಟಿಯುಸಿ ಹೈಕೋರ್ಟಿಗೆ ಹೋಯಿತು. 2020ರ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ಮುಂದೂಡಿಕೆಗೆ ತಡೆ ಕೊಟ್ಟಿತು, ದುಡ್ಡು ಕೊಡಬೇಕು ಅಂತಾಯಿತು. ಆಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಕೇಸ್ ಇನ್ನೂ ನಡೀತಿದೆ ಅನ್ನುವುದು ನೆಪ. 2021ರ ಡಿಸೆಂಬರ್ ಹೊತ್ತಿಗೆ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಅನ್ನುವ ಅಮೆರಿಕದ ಸಂಸ್ಥೆ ಈ ವಿಷಯವನ್ನು ಹಿಡಿದು ದೊಡ್ಡ ದೊಡ್ಡ ಬ್ರ್ಯಾಂಡ್‌ಗಳ ಬಾಗಿಲು ಬಡಿಯಿತು. ವಿದೇಶಿ ಪತ್ರಿಕೆಗಳಲ್ಲಿ ಬಂತು. ಆಮೇಲೆ ನೋಡಿ, 2022ರ ಶುರುವಿನಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪತೊಡಗಿದವು. ನಮ್ಮ ಹೈಕೋರ್ಟ್ ಹೇಳಿದಾಗ ಆಗದ ಕೆಲಸ ಲಂಡನ್, ನ್ಯೂಯಾರ್ಕ್‌ನಿಂದ ಫೋನ್ ಬಂದಾಗ ಆಯಿತು. ಇದನ್ನು ಹೇಳುವಾಗ ನನಗೆ ಖುಷಿಯೂ ಆಗುತ್ತದೆ, ನಾಚಿಕೆಯೂ ಆಗುತ್ತದೆ.

ಈಗ ಮೇಷ್ಟ್ರ ವಾದಕ್ಕೆ ಬರೋಣ. ಅವರನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2020ರಲ್ಲಿ ವಿದೇಶಿ ಬ್ರ್ಯಾಂಡ್‌ಗಳು ಹೊಲಿದು ಮುಗಿಸಿದ ಬಟ್ಟೆಯ ಆರ್ಡರನ್ನೂ ರದ್ದು ಮಾಡಿದ್ದು ನಿಜ. ಸಣ್ಣ ಕಾರ್ಖಾನೆಗಳು ಮುಚ್ಚಿದ್ದು ನಿಜ. ಕಾರ್ಖಾನೆ ಮುಚ್ಚಿದರೆ 417 ಏನು, ಒಂಬತ್ತು ಸಾವಿರವೂ ಹೋಗುತ್ತದೆ. ಅದು ಕಾರ್ಮಿಕರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಅವರು ಬಾಯಿ ಮುಚ್ಚಿಕೊಂಡಿದ್ದು. ಆದರೆ ಹೊರೆ ಯಾರ ಮೇಲೆ ಅನ್ನುವುದು ಬೇರೆ ಪ್ರಶ್ನೆ. ಬ್ರಿಟನ್‌ನಲ್ಲಿ ಕೆಲಸ ನಿಂತವರ ಸಂಬಳದ ಶೇ 80ರಷ್ಟನ್ನು, ಒಂದು ಮಿತಿಯೊಳಗೆ, ಸರ್ಕಾರವೇ ಕಟ್ಟಿತು. ನಮ್ಮಲ್ಲಿ ಜನಧನ್ ಖಾತೆಯಿದ್ದ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು, ಒಟ್ಟು 1,500. ನಾವು ಬ್ರಿಟನ್ ಅಲ್ಲ, ಒಪ್ಪುತ್ತೇನೆ. ಆದರೆ ಸರ್ಕಾರದ ಖಜಾನೆಯಿಂದ ಉದ್ಯಮವನ್ನು ಎತ್ತಿ ನಿಲ್ಲಿಸುವುದು ಬೇರೆ, ಕೆಲಸದವರ ಊಟದ ಡಬ್ಬಿಯಿಂದ ಎತ್ತಿ ನಿಲ್ಲಿಸುವುದು ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಅದೂ ಹೇಗೆ? ಆ ಮುಂದೂಡಿಕೆ ನಷ್ಟದಲ್ಲಿದ್ದ ಕಾರ್ಖಾನೆ, ಲಾಭದಲ್ಲಿದ್ದ ಕಾರ್ಖಾನೆ ಅಂತ ಭೇದ ಮಾಡಲಿಲ್ಲ. ಬೆಂಗಳೂರಿನಲ್ಲಿ ಹಗಲೂ ರಾತ್ರಿ ಪಿಪಿಇ ಕಿಟ್, ಮಾಸ್ಕ್ ಹೊಲಿಯುತ್ತಿದ್ದ ಘಟಕಗಳಿಗೂ ಅದೇ ರಿಯಾಯಿತಿ.

ಕಾನೂನು ಈ ವಿಷಯದಲ್ಲಿ ಬಹಳ ಹಿಂದೆಯೇ ಮಾತು ಮುಗಿಸಿದೆ. 1961ರಲ್ಲಿ ಕೇರಳದ ಹೆಂಚಿನ ಕಾರ್ಖಾನೆಗಳ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕನಿಗೆ ಕೊಡುವ ಶಕ್ತಿ ಇದೆಯೋ ಇಲ್ಲವೋ ನೋಡಬೇಕಾಗಿಲ್ಲ. ಬೋನಸ್‌ಗೆ ನೋಡಿ, ಜಾಸ್ತಿ ಸಂಬಳದ ಬೇಡಿಕೆಗೆ ನೋಡಿ. ಕನಿಷ್ಠಕ್ಕೆ ನೋಡುವಂತಿಲ್ಲ. ಯಾಕೆಂದರೆ ಅದರ ಕೆಳಗೆ ಮನುಷ್ಯ ಬದುಕುವುದು ಕಷ್ಟ ಅಂತಲೇ ಅದಕ್ಕೆ ಕನಿಷ್ಠ ಅಂತ ಹೆಸರು.

1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸಗಾರರ ಕೇಸ್ ಬಂತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅಂತ ಕೋರ್ಟ್ ಹೇಳಿತು. ಚಾಟಿ ಹಿಡಿದು ನಿಲ್ಲಬೇಕಾಗಿಲ್ಲ, ಹಸಿವೇ ಬಲವಂತ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ಮರುವರ್ಷ, ಅಂದರೆ 1983ರಲ್ಲಿ ಬಂದ ರಾಜಸ್ಥಾನದ ತೀರ್ಪು. ಬರಗಾಲ. ಅಜ್ಮೇರ್ ಕಡೆ ಜನರಿಗೆ ಕೆಲಸ ಕೊಡಲು ಸರ್ಕಾರ ರಸ್ತೆ ಮಾಡಿಸುತ್ತಿತ್ತು. ಇದು ಪರಿಹಾರ ಕಾಮಗಾರಿ, ನಾವು ಉಪಕಾರ ಮಾಡುತ್ತಿದ್ದೇವೆ, ಇದಕ್ಕೆ ಕನಿಷ್ಠ ವೇತನ ಕಾಯ್ದೆ ಅನ್ವಯಿಸುವುದಿಲ್ಲ ಅಂತ ರಾಜ್ಯದ ವಾದ. ಅದಕ್ಕೆಂದೇ ಒಂದು ಕಾಯ್ದೆಯನ್ನೂ ಮಾಡಿಕೊಂಡಿದ್ದರು. ಕೋರ್ಟ್ ಅದನ್ನು ಒಪ್ಪಲಿಲ್ಲ. ರಸ್ತೆ ಆಗಿದೆ ತಾನೇ? ಬೆವರು ಸುರಿಸಿದ್ದಾರೆ ತಾನೇ? ಹಾಗಾದರೆ ಅದು ದಾನ ಹೇಗಾಯಿತು? ಕಷ್ಟಕಾಲ ಅನ್ನುವುದು ಬಡವರ ಪಾಲನ್ನು ಕಡಿಮೆ ಮಾಡುವ ಪರವಾನಗಿ ಅಲ್ಲ ಅಂತ ಬರಗಾಲದಲ್ಲೇ ತೀರ್ಮಾನವಾಗಿತ್ತು. ನಾವು ಮಾತ್ರ 37 ವರ್ಷ ಆದಮೇಲೆ ಮತ್ತೆ ಅದೇ ಪಾಠವನ್ನು ಮೊದಲಿನಿಂದ ಓದಿದೆವು.

ಓದಿದ್ದು ಗುಜರಾತಿನಿಂದ. 2020ರ ಏಪ್ರಿಲ್ 17ಕ್ಕೆ ಗುಜರಾತ್ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಬಹುದು ಅಂದಿತು. ಜಾಸ್ತಿ ಗಂಟೆಗೆ ಡಬಲ್ ಓಟಿ ಬೇಡ, ಮಾಮೂಲಿ ದರ ಸಾಕು ಅಂತಲೂ ಸೇರಿಸಿತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾರ್ಖಾನೆ ಕಾಯ್ದೆಯಲ್ಲಿ ಹೇಳಿರುವ ‘ಸಾರ್ವಜನಿಕ ತುರ್ತು ಪರಿಸ್ಥಿತಿ’ ಅಂದರೆ ದೇಶದ ಭದ್ರತೆಗೇ ಅಪಾಯ ಬಂದಾಗಿನದು, ಆರ್ಥಿಕ ಹಿಂಜರಿತ ಅದರೊಳಗೆ ಬರಲ್ಲ ಅಂದಿತು. ನಷ್ಟದ ಹೊರೆಯನ್ನು ದಣಿದ ಕಾರ್ಮಿಕನ ಹೆಗಲಿಗೆ ದಾಟಿಸುವಂತಿಲ್ಲ ಅನ್ನುವುದು ಆ ತೀರ್ಪಿನ ಜೀವಾಳ. ಸುಮ್ಮನೆ ಬುದ್ಧಿ ಹೇಳಿ ಬಿಡಲೂ ಇಲ್ಲ, ಆ ಅವಧಿಯ ಓಟಿಯನ್ನು ಸರಿಯಾದ ದರದಲ್ಲಿ ಕೊಡಬೇಕು ಅಂತ ಆದೇಶ ಮಾಡಿತು.

ನಮ್ಮಲ್ಲೂ ಅಂಥದ್ದೇ ಪ್ರಯತ್ನ ನಡೆದಿತ್ತು. 2020ರ ಮೇ 22ರಂದು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ಆದೇಶ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಮೇಲೆ ಜೂನ್‌ನಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ನಾವೆಲ್ಲ ಗೆದ್ದೆವು ಅಂದುಕೊಂಡೆವು. 2023ರ ಫೆಬ್ರುವರಿಯಲ್ಲಿ, ಲಾಕ್‌ಡೌನ್ ಇಲ್ಲ, ಕೊರೊನಾ ಇಲ್ಲ, ವಿಧಾನಮಂಡಲದಲ್ಲಿ ತಿದ್ದುಪಡಿ ಪಾಸಾಯಿತು. ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆಯವರೆಗೆ ಕೆಲಸ ಮಾಡಿಸಬಹುದು, ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ. ತುರ್ತಿನ ಹೆಸರಲ್ಲಿ ಹಿತ್ತಿಲಿಂದ ಬರಲು ನೋಡಿದ್ದು ಆಮೇಲೆ ಹೆಬ್ಬಾಗಿಲಿಂದಲೇ ಬಂತು. ಶಾಸಕರು ಮಾಡಿದ ಕಾನೂನು ಅದು, ಅಕ್ರಮ ಅಂತ ನಾನು ಹೇಳುತ್ತಿಲ್ಲ. ಆದರೆ ‘ಲಿಖಿತ ಒಪ್ಪಿಗೆ’ ಅನ್ನುವುದು ಶಾಪ್ ಫ್ಲೋರ್‌ನಲ್ಲಿ ಹೇಗಿರುತ್ತದೆ ಅಂತ ನಿಮ್ಮ ಅಮ್ಮನನ್ನು ಕೇಳಿ. ಸೂಪರ್‌ವೈಸರ್ ಒಂದು ಹಾಳೆ ತರುತ್ತಾನೆ. ಹೆಸರು ಆಗಲೇ ಟೈಪ್ ಆಗಿರುತ್ತದೆ. ಮೆಷೀನ್ ಓಡುತ್ತಿರುತ್ತದೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ತಲೆಯ ಮೇಲಿರುತ್ತದೆ. ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ.

ಇನ್ನೊಂದು ಘಟನೆ ಹೇಳದೆ ಇರಲಾರೆ. 2020ರ ಮೇ 5. ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಕೆಲಸ ಮತ್ತೆ ಶುರುವಾಗಬೇಕು, ಕೆಲಸಗಾರರು ಹೋಗಿಬಿಟ್ಟರೆ ಹೇಗೆ ಅನ್ನುವುದು ಚಿಂತೆ. ಅವತ್ತೇ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆದು ವಲಸೆ ಕಾರ್ಮಿಕರ ಶ್ರಮಿಕ್ ರೈಲುಗಳು ಬೇಡ ಅಂದಿತು. ಚಿಕ್ಕಬಾಣಾವರದಿಂದ, ಮಾಲೂರಿನಿಂದ ಬಿಹಾರ, ಒಡಿಶಾ ಕಡೆಗೆ ಹೊರಡುವ ರೈಲಿಗೆ ಕಾದಿದ್ದವರು ನಡೆದುಕೊಂಡೇ ಹೊರಟರು. ದೇಶದ ತುಂಬ ಗಲಾಟೆಯಾದಮೇಲೆ ಮೂರು ದಿನದಲ್ಲಿ ರೈಲು ಮತ್ತೆ ಶುರುವಾಯಿತು. ಮೇ ಕೊನೆಯ ವಾರದ ಹೊತ್ತಿಗೆ ಅರಮನೆ ಮೈದಾನದಲ್ಲಿ ಸಾವಿರಾರು ಜನ ಬ್ಯಾಗ್ ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದರು. ಇಲ್ಲಿ ಸಂಬಳದ ಮಾತೂ ಇಲ್ಲ, ಗಂಟೆಯ ಮಾತೂ ಇಲ್ಲ. ಊರಿಗೆ ಹೋಗುವ ಸ್ವಾತಂತ್ರ್ಯ. ಸಿಮೆಂಟು, ಜಲ್ಲಿ, ಕಂಬಿ ಸ್ಟಾಕ್ ಇಟ್ಟುಕೊಂಡ ಹಾಗೆ ಮನುಷ್ಯರನ್ನೂ ಸ್ಟಾಕ್ ಇಟ್ಟುಕೊಳ್ಳುವ ಯೋಚನೆ. ‘ಆರ್ಥಿಕತೆ ಮೊದಲು’ ಅನ್ನುವ ಮಾತನ್ನು ಕೊನೆಯವರೆಗೂ ಎಳೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಆ ಮೂರು ದಿನ ತೋರಿಸುತ್ತೇನೆ.

ಹಾಗಾದರೆ ಸರ್ಕಾರ ಕಷ್ಟಕಾಲದಲ್ಲಿ ಏನನ್ನೂ ಕಡಿಮೆ ಮಾಡುವಂತೆಯೇ ಇಲ್ವಾ? ಇದೆ. ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ ಅಂತ ಒಂದಿದೆ. ಭಾರತ 1979ರಲ್ಲಿ ಅದಕ್ಕೆ ಸೇರಿದೆ. ಅದರ ಪ್ರಕಾರ ಬಡ ದೇಶವೊಂದು ಎಲ್ಲವನ್ನೂ ಒಂದೇ ದಿನ ಕೊಡಬೇಕಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಆದರೆ ಹತ್ತಿದ ಮೆಟ್ಟಿಲನ್ನು ಸುಮ್ಮನೆ ಇಳಿಯುವಂತಿಲ್ಲ. ಇಳಿಯಲೇಬೇಕಾದರೆ ಕಾರಣ ತೋರಿಸಬೇಕು. ಬೇರೆ ದಾರಿ ಎಲ್ಲ ನೋಡಿದಿರಾ? ಎಷ್ಟು ದಿನಕ್ಕೆ? ಯಾರ ಪಾಲು ಹೋಗುತ್ತದೋ ಅವರನ್ನು ಕೇಳಿದಿರಾ? ಇರುವವರು ಎಷ್ಟು ಬಿಟ್ಟುಕೊಟ್ಟರು? 417 ರೂಪಾಯಿಯನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಿ. ‘ಎಷ್ಟು ದಿನಕ್ಕೆ’ ಅನ್ನುವುದಕ್ಕೆ ಮಾತ್ರ ಕಾಗದದ ಮೇಲೆ ಉತ್ತರ ಇತ್ತು, ಅದೂ ನಿಜವಾಗಲಿಲ್ಲ.

ಪ್ಯಾಕೇಜುಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ಚೇತರಿಕೆ ಅಂದಕೂಡಲೇ ಎಲ್ಲರೂ ಪ್ಯಾಕೇಜ್ ಅನ್ನುತ್ತಾರೆ. 2020ರ ಮೇ 6ಕ್ಕೆ ಕರ್ನಾಟಕ 1,610 ಕೋಟಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ, ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000. ಒಳ್ಳೆಯದೇ. ಕಟ್ಟಡ ಕಾರ್ಮಿಕರಿಗೂ 5,000 ಬಂತು, ಆದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ಆ ಮಂಡಳಿಯ ದುಡ್ಡು ಎಲ್ಲಿಂದ ಬರುತ್ತದೆ ಗೊತ್ತಾ? ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್. ಅದು ಅವರ ಹೆಸರಲ್ಲೇ ಕೂಡಿಟ್ಟದ್ದು. ಅಷ್ಟಾದರೂ ಕಾರ್ಡ್ ಇಲ್ಲದ ಗಾರೆಯವನಿಗೆ ಏನೂ ಇಲ್ಲ. ಕೇಂದ್ರ ಸರ್ಕಾರ ಮಾರ್ಚ್ 29ರಂದು, ಲಾಕ್‌ಡೌನ್ ಅವಧಿಗೆ ಪೂರ್ತಿ ಸಂಬಳ ಕೊಡಬೇಕು ಅಂತ ಮಾಲೀಕರಿಗೆ ಆದೇಶ ಮಾಡಿತ್ತು. ಮೇ ಮಧ್ಯದಲ್ಲಿ ವಾಪಸ್ ತೆಗೆದುಕೊಂಡಿತು. ಆದೇಶ ಕೊಟ್ಟದ್ದನ್ನು ಇನ್ನೊಂದು ಆದೇಶ ಕಿತ್ತುಕೊಳ್ಳಬಹುದು, ಅದೇ ಸಮಸ್ಯೆ.

ಹಳ್ಳಿಯ ಕಡೆ ನೋಡಿ. ಅಲ್ಲಿ ಉದ್ಯೋಗ ಖಾತ್ರಿ ಅನ್ನುವ ಕಾಯ್ದೆ ಇತ್ತು. ಯಾರ ದಯೆಯೂ ಬೇಕಿರಲಿಲ್ಲ, ಅರ್ಜಿ ಹಾಕಿ ಕೆಲಸ ಕೇಳಬಹುದಿತ್ತು. 2020–21ರಲ್ಲಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಆಯಿತು, ಅಲ್ಲಿಯವರೆಗಿನ ದಾಖಲೆ. ನಗರದಲ್ಲಿ ಹೊಟ್ಟೆಗಿಲ್ಲದೆ ವಾಪಸ್ ಬಂದವರು ಕೆರೆ ಹೂಳೆತ್ತಿ, ಬದು ಹಾಕಿ ಆ ವರ್ಷ ದಾಟಿದರು. ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ಕೆಲಸ ಕಳೆದುಕೊಂಡವರಿಗೆ ಹಾಗೆ ಹೋಗಿ ಕೇಳಲು ಒಂದು ಬಾಗಿಲೂ ಇರಲಿಲ್ಲ. ಯೋಜನೆಗೂ ಹಕ್ಕಿಗೂ ಇರುವ ವ್ಯತ್ಯಾಸ ನನಗೆ ಅಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಂಡಿಲ್ಲ.

ಸರಿ, ಇನ್ನು ನಿಮ್ಮ ಅಮ್ಮನ ವಿಷಯ.

ಆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಬೇಡ. ಮೊದಲು ಅದರಲ್ಲಿ ಏನು ಬರೆದಿದೆ ಅಂತ ನೀವು ಓದಬೇಕು. ಫೋಟೊ ತೆಗೆಯಲು ಬಿಡದಿದ್ದರೆ ಅಮ್ಮ ಓದಿ ನೆನಪಿಟ್ಟುಕೊಂಡು ಬಂದು ಹೇಳಲಿ, ಅವತ್ತೇ ತಾರೀಖು ಹಾಕಿ ಬರೆದಿಡಿ. ಡಿಎ ಬಿಟ್ಟುಕೊಡುತ್ತೇನೆ ಅಂತಿದ್ದರೆ ಹೆದರಬೇಡಿ. ಕನಿಷ್ಠ ವೇತನವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಹಳೇ ಕನಿಷ್ಠ ವೇತನ ಕಾಯ್ದೆಯಲ್ಲೂ ಹಾಗೆ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಹಾಗೆಯೇ ಇದೆ. ಆಗಲೇ ಸಹಿ ಹಾಕಿಬಿಟ್ಟಿದ್ದರೂ ಡಿಎ ಕೇಳುವ ಹಕ್ಕು ಹೋಗಿಲ್ಲ.

ನನಗೆ ಭಯ ಇರುವುದು ಬೇರೆ ಕಾಗದದ ಬಗ್ಗೆ. ಆರ್ಡರ್ ಕಮ್ಮಿ ಅನ್ನುವ ದಿನಗಳಲ್ಲಿ ‘ಸ್ವಂತ ಇಚ್ಛೆಯಿಂದ ರಾಜೀನಾಮೆ’ ಅನ್ನುವ ಪತ್ರ ಓಡಾಡುತ್ತದೆ. ಈಗ ಬಿಟ್ಟುಹೋಗಿ, ಪಿಎಫ್ ತೆಗೆದುಕೊಳ್ಳಿ, ಎರಡು ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ಅದರಲ್ಲೂ ಕೈಯಲ್ಲಿ ಕಾಸಿಲ್ಲದಾಗ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ನಿವೃತ್ತಿಯ ದುಡ್ಡಲ್ಲ, ಆಪತ್ತಿನ ಗಂಟು. ಅದಕ್ಕೇ 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯಲು ನಿರ್ಬಂಧ ಹಾಕಿದಾಗ ಅವರು ಬೆಂಗಳೂರಿನ ರಸ್ತೆಗಳನ್ನೇ ನಿಲ್ಲಿಸಿಬಿಟ್ಟರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಆದರೆ ರಾಜೀನಾಮೆ ಕೊಟ್ಟರೆ 14 ವರ್ಷದ ಸರ್ವಿಸ್ ಅಲ್ಲಿಗೆ ಮುಗಿಯುತ್ತದೆ. ಗ್ರ್ಯಾಚುಟಿ ಅಲ್ಲಿಯವರೆಗಿನದು ಸಿಗಬೇಕು, ಅದನ್ನು ಕೇಳಿ ತೆಗೆದುಕೊಳ್ಳಿ. ಮೂಲ ವೇತನ ಮತ್ತು ಡಿಎ ಸೇರಿ 13,000 ಅಂದುಕೊಂಡರೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ 14 ವರ್ಷಕ್ಕೆ 1,05,000. ಮತ್ತೆ ಸೇರಿದರೆ ಹೊಸಬರ ಲೆಕ್ಕ. ಅವರಾಗಿಯೇ ಕೆಲಸದಿಂದ ತೆಗೆದರೆ ಮಾತ್ರ ಗ್ರ್ಯಾಚುಟಿಯ ಜೊತೆಗೆ ಇನ್ನೊಂದು ಪರಿಹಾರ ಬರುತ್ತದೆ, ಅದೂ ವರ್ಷಕ್ಕೆ 15 ದಿನದ ಲೆಕ್ಕ, ಮತ್ತೆ ನೋಟಿಸ್ ಅವಧಿಯ ಸಂಬಳ. ‘ಸ್ವಂತ ಇಚ್ಛೆ’ ಅನ್ನುವ ಎರಡು ಪದಕ್ಕೆ ಅವರು ಅಷ್ಟು ಆಸೆ ಪಡುವುದು ಇದಕ್ಕೇ.

ಕಾರ್ಖಾನೆಯಲ್ಲಿ ಎಷ್ಟು ಜನ ಇದ್ದಾರೆ ಅಂತಲೂ ಕೇಳಿಕೊಳ್ಳಿ. ದೊಡ್ಡ ಕಾರ್ಖಾನೆ ಲೇಆಫ್ ಮಾಡಲು, ಮುಚ್ಚಲು ಸರ್ಕಾರದ ಅನುಮತಿ ಬೇಕು. ಮೊದಲು 100 ಜನರಿದ್ದರೆ ಈ ನಿಯಮ ಇತ್ತು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 300 ಆಗಿದೆ. 200 ಜನರ ಘಟಕದವರಿಗೆ ಇದ್ದ ಛತ್ರಿ ಹೋಯಿತು ಅಂತಲೇ ಲೆಕ್ಕ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದರಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಇದ್ದಕ್ಕಿದ್ದ ಹಾಗೆ ಲೇಆಫ್ ಮಾಡಿದರು. ಹೆಂಗಸರು ಗೇಟಿನ ಮುಂದೆ ವಾರಗಟ್ಟಲೆ ಕೂತರು, ಅನುಮತಿ ಎಲ್ಲಿ ತೋರಿಸಿ ಅಂತ. 2021ರ ಫೆಬ್ರುವರಿಯಲ್ಲಿ ಕಂಪನಿ ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದು, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಸೆಕ್ಯೂರಿಟಿಯವನೇ ಹೊರಗೆ ಕಳಿಸುತ್ತಿದ್ದ. ಅಮ್ಮನ ಕಾರ್ಖಾನೆಯಲ್ಲಿ ಯೂನಿಯನ್ ಇದ್ದರೆ ಈ ಪತ್ರದ ವಿಷಯ ಇವತ್ತೇ ಅಲ್ಲಿ ಹೇಳಲಿ.

ಈ ವರ್ಷದ ಡಿಎ ಸ್ಲಿಪ್‌ನಲ್ಲಿ ಇಲ್ಲದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಕ್ಲೇಮ್ ಹಾಕಬಹುದು. ಹಳೇ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಹಾಕಬೇಕಿತ್ತು. ವೇತನ ಸಂಹಿತೆಯಲ್ಲಿ ಮೂರು ವರ್ಷ ಟೈಮ್ ಇದೆ. ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಜವಾಬ್ದಾರಿ ಮಾಲೀಕರದು. ನಿಮ್ಮ ಅಮ್ಮ ಮಾಡಬೇಕಾದದ್ದು ಸ್ಲಿಪ್ ತೋರಿಸುವುದು, ಅಷ್ಟೇ. ಹೊಸ ಸಂಹಿತೆಗಳಲ್ಲಿ ನನಗೆ ಇಷ್ಟವಾಗದ್ದು ಬಹಳ ಇದೆ, ಇದು ಮಾತ್ರ ಕಾರ್ಮಿಕರ ಕಡೆಗೆ ವಾಲಿದೆ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಕಾರ್ಖಾನೆ ಕೆಲಸಗಾರರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ಅಮ್ಮ ಎರಡೂ ಹೌದು. 15100ಕ್ಕೆ ಫೋನ್ ಮಾಡಿ, ಇಲ್ಲವೇ ರಾಮನಗರದ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ.

ಕೊನೆಯದಾಗಿ, ಕೊರೊನಾ ಕಾಲದ ಆ ಹಳೇ 417. ಬಾಕಿ ಬಂದಿದೆಯಾ ಅಂತ ಅಮ್ಮನಿಗೆ ನೆನಪಿರಲಿಕ್ಕಿಲ್ಲ, ಎಷ್ಟೋ ಜನರಿಗೆ ಅದು ಯಾವ ದುಡ್ಡು ಅಂತ ಹೇಳದೆಯೇ ಖಾತೆಗೆ ಹಾಕಿದ್ದರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ 2022ನೇ ಇಸವಿ ಪೂರ್ತಿ ನೋಡಿ, ಸಂಬಳದ ಹೊರತಾಗಿ ಕಂಪನಿಯಿಂದ ಬೇರೆ ಮೊತ್ತ ಬಂದಿದೆಯಾ ಅಂತ. ಸ್ಲಿಪ್ ಕಳೆದುಹೋಗಿದ್ದರೆ ಇನ್ನೊಂದು ದಾರಿ ಇದೆ. ಅಮ್ಮನ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ತೆಗೆಯಿರಿ. ಪ್ರತಿ ತಿಂಗಳು ಎಷ್ಟು ಸಂಬಳದ ಮೇಲೆ ಪಿಎಫ್ ಕಟ್ಟಿದ್ದಾರೆ ಅಂತ ಅದರಲ್ಲಿ ಇರುತ್ತದೆ. 2020ರ ಫೆಬ್ರುವರಿಯ ಅಂಕಿಯನ್ನೂ 2021ರ ಫೆಬ್ರುವರಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ತಿಂಗಳೂ ರಜೆ ಹಾಕದೆ ದುಡಿದಿದ್ದೂ ಎರಡೂ ಒಂದೇ ಇದ್ದರೆ ಆ ವರ್ಷ ಡಿಎ ಸೇರಿಲ್ಲ ಅಂತ ಅರ್ಥ. ಇಷ್ಟು ವರ್ಷ ಆದಮೇಲೆ ಆ ಹಣಕ್ಕೆ ಹೊಸದಾಗಿ ಕ್ಲೇಮ್ ಹಾಕುವುದು ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಆಗ ಬಾಕಿ ಕೊಡಲು ಒಪ್ಪಿದ ಕಂಪನಿಗಳಲ್ಲಿ ಅಮ್ಮನದ್ದೂ ಇದ್ದು, ಅವರ ಹೆಸರು ಬಿಟ್ಟುಹೋಗಿದ್ದರೆ, ಯೂನಿಯನ್ ಮೂಲಕ ಕೇಳಲು ಈಗಲೂ ಜಾಗ ಇದೆ. ಆ ಎರಡು ಪುಟಗಳನ್ನು ಹುಡುಕಿ ಇಟ್ಟುಕೊಂಡು ಮತ್ತೆ ಬರೆಯಿರಿ.